ರಾತ್ರಿ ಡ್ಯೂಟಿಗೆ ರೋಗಿಯನ್ನು ಒಪ್ಪಿಸುವ ವಿಧಾನಗಳು: ಬೋಧನಾ ಆಸ್ಪತ್ರೆಯ ಯೂನಿಟ್‌ಗೆ ಯಾವುದು ಹೊಂದುತ್ತದೆ?

ಪಾಳಿ ಮುಗಿಸಿದ ವೈದ್ಯರು ತಮ್ಮ ರೋಗಿಗಳ ಹೊಣೆಯನ್ನು ಮುಂದಿನ ಪಾಳಿಯ ವೈದ್ಯರಿಗೆ ಒಪ್ಪಿಸುವುದಕ್ಕೆ ನಮ್ಮ ಆಸ್ಪತ್ರೆಗಳಲ್ಲಿ ಹ್ಯಾಂಡೋವರ್ ಎನ್ನುತ್ತೇವೆ. ಸಿಸ್ಟರ್‌ಗಳ ಹ್ಯಾಂಡೋವರ್‌ಗೆ ಹೊತ್ತು, ಜಾಗ, ಪುಸ್ತಕ ಮೂರೂ ಗೊತ್ತಾಗಿರುತ್ತವೆ. ವೈದ್ಯರದ್ದು ಎಷ್ಟೋ ಯೂನಿಟ್‌ಗಳಲ್ಲಿ ಕಾರಿಡಾರಿನಲ್ಲೋ ಫೋನಿನಲ್ಲೋ ಎರಡು ಮಾತಿನಲ್ಲಿ ಮುಗಿದುಹೋಗುತ್ತದೆ. ಇದನ್ನು ಸರಿಪಡಿಸಲು ಹೊರಟ ಯೂನಿಟ್ ಮುಖ್ಯಸ್ಥರು, ಪಿಜಿಗಳ (ಸ್ನಾತಕೋತ್ತರ ವಿದ್ಯಾರ್ಥಿ ವೈದ್ಯರ) ಮಾರ್ಗದರ್ಶಕರು ಮತ್ತು ಸೀನಿಯರ್ ರೆಸಿಡೆಂಟ್‌ಗಳ ಮುಂದೆ ಈಗ ಹಲವು ವಿಧಾನಗಳಿವೆ. ಯಾವುದಕ್ಕೆ ಎಷ್ಟು ಆಧಾರವಿದೆ, ಯಾವುದನ್ನು ಎಲ್ಲಿ ಬಳಸಬೇಕು, ನಮ್ಮ ವಾರ್ಡುಗಳ ಜನಸಂದಣಿಯಲ್ಲಿ ಯಾವುದು ಉಳಿಯುತ್ತದೆ ಎಂಬುದನ್ನು ತೂಗಿ ನೋಡುವುದು ಈ ಬರಹದ ಉದ್ದೇಶ.

ಕನ್ನಡದಲ್ಲಿ ಒಪ್ಪಿಸು ಎಂಬ ಮಾತಿಗೆ ಎರಡು ಅರ್ಥಗಳಿವೆ. ವಶಕ್ಕೆ ಕೊಡುವುದು ಒಂದು. ಕಲಿತ ಪಾಠವನ್ನು ಮೇಷ್ಟ್ರ ಮುಂದೆ ನಿಂತು ಹೇಳಿ ತೋರಿಸುವುದು ಇನ್ನೊಂದು. ಮೊದಲನೆಯದು ರೋಗಿಯನ್ನು ಕೊಡುವವರ ಕೆಲಸ, ಎರಡನೆಯದು ಪಡೆದುಕೊಂಡವರ ಕೆಲಸ. ಯಾವುದೇ ವಿಧಾನವನ್ನು ಅಳೆಯುವಾಗ ಈ ಎರಡನೆಯ ಒಪ್ಪಿಸುವಿಕೆಗೆ ಅದರಲ್ಲಿ ಜಾಗವಿದೆಯೇ ಎಂಬುದನ್ನೇ ನಾನು ಮೊದಲು ನೋಡುತ್ತೇನೆ, ಏಕೆಂದರೆ ಹೇಳಿದ್ದು ಎಷ್ಟು ಚೆನ್ನಾಗಿತ್ತು ಎಂಬುದಕ್ಕಿಂತ ತಲುಪಿದ್ದು ಎಷ್ಟು ಎಂಬುದರ ಮೇಲೆ ರೋಗಿಯ ರಾತ್ರಿ ನಿಂತಿರುತ್ತದೆ.

ಹೋಲಿಕೆಗೆ ಒಬ್ಬ ರೋಗಿಯನ್ನು ಇಟ್ಟುಕೊಳ್ಳೋಣ. ಮಳೆಗಾಲದ ಸಂಜೆ, ಮೆಡಿಸಿನ್ ವಾರ್ಡು, 12ನೇ ಹಾಸಿಗೆ, 24 ವರ್ಷದ ಯುವಕ, ಡೆಂಗಿ ಜ್ವರದ ಐದನೇ ದಿನ. ಹಗಲಿನ ಪಿಜಿ ಹೊರಡುವಾಗ "ಡೆಂಗಿ, ಜ್ವರ ಬಿಟ್ಟಿದೆ, ಪ್ಲೇಟ್‌ಲೆಟ್ 42 ಸಾವಿರ, ಸ್ಟೇಬಲ್" ಎನ್ನುತ್ತಾರೆ. ಇದರಲ್ಲಿ ಸುಳ್ಳು ಎಂಬುದು ಒಂದು ಮಾತೂ ಇಲ್ಲ. ಆದರೆ ಡೆಂಗಿಯಲ್ಲಿ ರಕ್ತನಾಳಗಳಿಂದ ಪ್ಲಾಸ್ಮಾ ಸೋರುವ 24ರಿಂದ 48 ಗಂಟೆಗಳ ಅಪಾಯದ ಅವಧಿ ಶುರುವಾಗುವುದು ಜ್ವರ ಬಿಡುವ ಹೊತ್ತಿಗೇ. ಈ ಯುವಕನ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು, ಪ್ಲಾಸ್ಮಾ ಸೋರಿದಷ್ಟೂ ಇದು ಏರುತ್ತದೆ) ಬೆಳಿಗ್ಗೆ 40 ಇದ್ದದ್ದು ಸಂಜೆಗೆ 46 ಆಗಿದೆ ಎಂಬುದು ಕೇಸ್ ಶೀಟಿನ ಒಳಪುಟದಲ್ಲಿ ಉಳಿದುಬಿಟ್ಟಿದೆ. ಐದು ವಿಭಾಗಗಳ ಕರೆ ನಿಭಾಯಿಸುತ್ತಿರುವ ರಾತ್ರಿಯ ಪಿಜಿಗೆ "ಜ್ವರ ಬಿಟ್ಟಿದೆ" ಎಂಬ ಮಾತು ಸಮಾಧಾನವಾಗಿ ಕೇಳಿಸುತ್ತದೆ. ನಿಜಕ್ಕೂ ಅದು ಎಚ್ಚರಿಕೆಯಾಗಿ ಕೇಳಿಸಬೇಕಿತ್ತು.

ಈ ಪ್ರಶ್ನೆ ಎದ್ದ ಬಗೆ

ಅಮೆರಿಕದಲ್ಲಿ ಹ್ಯಾಂಡೋವರ್ ಕುರಿತ ಸಂಶೋಧನೆಗೆ ಒತ್ತು ಬಂದದ್ದು ಕಿರಿಯ ವೈದ್ಯರ ದುಡಿಮೆಯ ಗಂಟೆಗಳ ಚರ್ಚೆಯ ಬೆನ್ನಿಗೆ. 1984ರಲ್ಲಿ ನ್ಯೂಯಾರ್ಕಿನಲ್ಲಿ 18 ವರ್ಷದ ಲಿಬ್ಬಿ ಝಯಾನ್ ಎಂಬ ಯುವತಿ ಆಸ್ಪತ್ರೆಗೆ ದಾಖಲಾದ ಕೆಲವೇ ಗಂಟೆಗಳಲ್ಲಿ ತೀರಿಕೊಂಡ ಪ್ರಕರಣದ ನಂತರ ಆ ರಾಜ್ಯವು 1989ರಲ್ಲಿ ವಾರಕ್ಕೆ 80 ಗಂಟೆಗಳ ಮಿತಿ ತಂದಿತು. 2003ರಲ್ಲಿ ಅಲ್ಲಿನ ಸ್ನಾತಕೋತ್ತರ ವೈದ್ಯಶಿಕ್ಷಣದ ಮಾನ್ಯತಾ ಮಂಡಳಿ ಅದನ್ನು ದೇಶಕ್ಕೆಲ್ಲ ಅನ್ವಯಿಸಿತು. ದಣಿವು ಕಡಿಮೆಯಾಗಬೇಕೆಂದು ಪಾಳಿಗಳನ್ನು ಚಿಕ್ಕದು ಮಾಡಿದರೆ ರೋಗಿಯ ಹೊಣೆ ದಿನಕ್ಕೆ ಹೆಚ್ಚು ಸಲ ಕೈ ಬದಲಾಯಿಸುತ್ತದೆ ಎಂಬುದು ಆಗ ಎಲ್ಲರ ಗಮನಕ್ಕೆ ಬಂತು. ಹಾಗಾಗಿ 2011ರ ನಿಯಮಾವಳಿಯಲ್ಲಿ, ತರಬೇತಿ ಕೊಡುವ ಪ್ರತಿ ಸಂಸ್ಥೆಯೂ ಕ್ರಮಬದ್ಧ ಹ್ಯಾಂಡೋವರ್ ನಡೆಯುವಂತೆ ನೋಡಿಕೊಂಡು ಅದರ ಮೇಲೆ ನಿಗಾ ಇಡಬೇಕೆಂಬ ಷರತ್ತು ಸೇರಿತು.

ನಮ್ಮಲ್ಲಿ 1992ರ ಕೇಂದ್ರ ರೆಸಿಡೆನ್ಸಿ ಯೋಜನೆಯು ಒಂದೇ ಸಮನೆ 12 ಗಂಟೆ ಮತ್ತು ವಾರಕ್ಕೆ 48 ಗಂಟೆಗಳ ಮಾತನ್ನಾಡಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಮೀರಬಾರದೆಂದು ಶಿಫಾರಸು ಮಾಡಿತು. ಈ ಮಿತಿಗಳು ಕಾಗದದಿಂದ ವಾರ್ಡಿಗೆ ಇಳಿಯಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಅವು ಇಳಿದ ದಿನ ಹ್ಯಾಂಡೋವರ್‌ಗಳ ಸಂಖ್ಯೆಯೂ ಏರುತ್ತದೆ, ಆದ್ದರಿಂದ ಸಿದ್ಧತೆ ಈಗಲೇ ಆಗಬೇಕು.

ಹೊಣೆ ಕೈ ಬದಲಾದಾಗ ಆಗುವ ಅಪಾಯಕ್ಕೆ ಹಳೆಯ ಆಧಾರವೇ ಇದೆ. ಬೋಸ್ಟನ್ನಿನ ಬ್ರಿಗಮ್ ಆಸ್ಪತ್ರೆಯಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗಿಯನ್ನು ಬಲ್ಲ ವೈದ್ಯರ ಬದಲು ಬೇರೆ ತಂಡದ ವೈದ್ಯರು ನೋಡಿಕೊಳ್ಳುತ್ತಿದ್ದ ಹೊತ್ತಿನಲ್ಲಿ ತಪ್ಪಿಸಬಹುದಾಗಿದ್ದ ಅನಾಹುತಗಳು ಆಡ್ಸ್ (ಆಗುವ ಮತ್ತು ಆಗದಿರುವ ಸಾಧ್ಯತೆಗಳ ಅನುಪಾತ) ಲೆಕ್ಕದಲ್ಲಿ ಸುಮಾರು 6 ಪಟ್ಟು ಹೆಚ್ಚಿದ್ದವು. ರಾತ್ರಿ ಹಲವು ಯೂನಿಟ್‌ಗಳ ರೋಗಿಗಳನ್ನು ಒಬ್ಬರೇ ಡ್ಯೂಟಿ ಪಿಜಿ ನೋಡಿಕೊಳ್ಳುವ ನಮ್ಮ ಪದ್ಧತಿಗೆ ಇದು ಬಹಳ ಹತ್ತಿರದ ಸಂಗತಿ.

ಬಾಯಿಮಾತು, ಕೈಬರಹ, ಮುದ್ರಿತ ಪಟ್ಟಿ

ಮೊದಲ ಆಯ್ಕೆ ಅತ್ಯಂತ ಸರಳವಾದದ್ದು, ಮತ್ತು ಇದರಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ. 2007ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಲ್ಪಿತ ರೋಗಿಗಳ ವಿವರವನ್ನು ವೈದ್ಯರು ಒಬ್ಬರಿಂದೊಬ್ಬರಿಗೆ ಐದು ಸಲ ದಾಟಿಸಿದರು. ಬರೀ ಬಾಯಿಮಾತಿನಲ್ಲಿ ದಾಟಿಸಿದಾಗ ಕೊನೆಗೆ ಉಳಿದದ್ದು 2.5 ಶೇಕಡಾ ವಿವರ. ಕೇಳಿಸಿಕೊಂಡು ಬರೆದುಕೊಂಡಾಗ 85.5 ಶೇಕಡಾ; ಮುದ್ರಿತ ಹಾಳೆ ಜೊತೆಗಿದ್ದಾಗ 99 ಶೇಕಡಾ. ಶುಕ್ರವಾರ ಸಂಜೆ ದಾಖಲಾದ ರೋಗಿಯ ಹೊಣೆ ಸೋಮವಾರ ಬೆಳಗಿನ ರೌಂಡ್ಸ್‌ಗೆ ಮುಂಚೆ ಎಷ್ಟು ಕೈ ದಾಟುತ್ತದೆ ಎಂದು ಎಣಿಸಿದರೆ ಈ ಅಂಕಿಗಳ ತೂಕ ಗೊತ್ತಾಗುತ್ತದೆ.

ಆದ್ದರಿಂದ ಬೇರೆ ಯಾವ ವಿಧಾನಕ್ಕೂ ಸಮಯ, ಹಣ ಅಥವಾ ಅನುಮತಿ ಇಲ್ಲದ ಯೂನಿಟ್ ಕೂಡ ಒಂದು ಮುದ್ರಿತ ಪಟ್ಟಿಯನ್ನು ನಾಳೆಯಿಂದಲೇ ಶುರುಮಾಡಬಹುದು. ಹಾಸಿಗೆ ಸಂಖ್ಯೆ, ಹೆಸರು, ವಯಸ್ಸು, ಒಂದು ಸಾಲಿನ ರೋಗವಿವರ, ರಾತ್ರಿ ಮಾಡಬೇಕಾದ ಕೆಲಸ ಮತ್ತು ಅದರ ಗಂಟೆ, ಏನಾದರೂ ಕೆಟ್ಟರೆ ಏನು ಮಾಡಬೇಕು ಎಂಬ ಕಾಲಮ್ಮುಗಳು ಸಾಕು. ಪಟ್ಟಿಗೊಂದು ಕುತ್ತೂ ಇದೆ. ನಿನ್ನೆಯ ಪಟ್ಟಿಯನ್ನೇ ಇಂದು ದಿನಾಂಕ ತಿದ್ದಿ ಕೊಟ್ಟಾಗ, ನಿಲ್ಲಿಸಿದ ಔಷಧಿ ಪಟ್ಟಿಯಲ್ಲಿ ಮುಂದುವರಿಯುತ್ತದೆ, ಬಂದ ರಿಪೋರ್ಟು ಇನ್ನೂ ಬರಬೇಕು ಎಂದೇ ಉಳಿದಿರುತ್ತದೆ. ಪಟ್ಟಿಯನ್ನು ಯಾರು, ಎಷ್ಟು ಗಂಟೆಗೆ ತಿದ್ದಿದರು ಎಂಬುದು ಹಾಳೆಯ ತಲೆಯಲ್ಲಿರಬೇಕು. ಇಲ್ಲದಿದ್ದರೆ ಆ ಹಾಳೆಯನ್ನು ರಾತ್ರಿಯವರು ನಂಬಬಾರದು.

ಎಸ್‌ಬಾರ್: ಫೋನಿಗೆ ಹೇಳಿ ಮಾಡಿಸಿದ್ದು

ಎಸ್‌ಬಾರ್ (SBAR) ಎಂಬುದು ನಾಲ್ಕು ಹೆಜ್ಜೆಯ ಮಾತು, ಹೆಜ್ಜೆಗೊಂದು ಇಂಗ್ಲಿಷ್ ಅಕ್ಷರ: ಈಗ ಏನಾಗುತ್ತಿದೆ, ಹಿನ್ನೆಲೆ ಏನು, ನನ್ನ ಅಂದಾಜು ಏನು, ನಿಮ್ಮಿಂದ ಏನು ಬೇಕು. ಅಮೆರಿಕದ ನೌಕಾಪಡೆಯ ಪರಮಾಣು ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿದ್ದ ಈ ಕ್ರಮವನ್ನು ಕೈಸರ್ ಪರ್ಮನೆಂಟೆ ಎಂಬ ಆರೋಗ್ಯಸಂಸ್ಥೆಯ ವೈದ್ಯ ಮೈಕೆಲ್ ಲಿಯೊನಾರ್ಡ್ ಮತ್ತು ಸಂಗಡಿಗರು ಆಸ್ಪತ್ರೆಗೆ ಒಗ್ಗಿಸಿದರು. ಅದರ ಗುಣ ಹುಟ್ಟಿನಿಂದಲೇ ಬಂದದ್ದು: ಅಧಿಕಾರದಲ್ಲಿ ಕೆಳಗಿರುವವರು ಮೇಲಿರುವವರಿಗೆ ತುರ್ತು ವಿಷಯವನ್ನು ಅಳುಕಿಲ್ಲದೆ ಹೇಳುವುದಕ್ಕೆ ಅದು ನೆರವಾಗುತ್ತದೆ.

ನಡುರಾತ್ರಿ 2 ಗಂಟೆಗೆ ಹೌಸ್ ಸರ್ಜನ್ (ಇಂಟರ್ನ್‌ಶಿಪ್ ಮಾಡುತ್ತಿರುವ ಕಿರಿಯ ವೈದ್ಯರು) ಒಬ್ಬರು ಸೀನಿಯರ್‌ಗೆ ಫೋನು ಮಾಡಿ, "ಸರ್, 12ನೇ ಬೆಡ್ ಡೆಂಗಿ ರೋಗಿಯ ಬಿಪಿ 90/74 ಇದೆ, ಕೈಕಾಲು ತಣ್ಣಗಿವೆ. ಐದನೇ ದಿನ, ಸಂಜೆ ಹೆಮಟೋಕ್ರಿಟ್ 46 ಇತ್ತು. ಶಾಕ್‌ಗೆ ಹೋಗುತ್ತಿದ್ದಾರೆ ಅನ್ನಿಸುತ್ತಿದೆ. ಫ್ಲೂಯಿಡ್ ಬೋಲಸ್ ಶುರುಮಾಡುತ್ತಿದ್ದೇನೆ, ನೀವು ಈಗಲೇ ಬಂದು ನೋಡಬೇಕು" ಎನ್ನಲು ಬೇಕಾದ ಧೈರ್ಯದ ಅರ್ಧಭಾಗ ಈ ಕ್ರಮದಿಂದಲೇ ಬರುತ್ತದೆ. ನಮ್ಮಲ್ಲಿ ಹೌಸ್ ಸರ್ಜನ್‌ಗಳು "ಸರ್, ಬಿಪಿ ಸ್ವಲ್ಪ ಕಡಿಮೆ ಇದೆ" ಎಂದಷ್ಟೇ ಹೇಳಿ ನಿಲ್ಲುವುದು ತಿಳಿವಳಿಕೆ ಇಲ್ಲದೆ ಎನ್ನುವುದಕ್ಕಿಂತ ಬೈಸಿಕೊಳ್ಳುವ ಅಂಜಿಕೆಯಿಂದ ಎಂಬುದು ವಾರ್ಡಿನಲ್ಲಿ ಬೆಳೆದ ಎಲ್ಲರಿಗೂ ಗೊತ್ತು. ಅಂಥ ಕಡೆ ಎಸ್‌ಬಾರ್ ಕಲಿಸುವುದು ಖಂಡಿತ ಸಾರ್ಥಕ. ಕ್ಯಾಶುಯಲ್ಟಿಯಿಂದ ವಾರ್ಡಿಗೆ ಒಬ್ಬ ರೋಗಿಯನ್ನು ಕಳುಹಿಸುವಾಗಲೂ ಅದು ಸಾಕಾಗುತ್ತದೆ.

ಆದರೆ ಇಡೀ ವಾರ್ಡಿನ ಸಂಜೆಯ ಹ್ಯಾಂಡೋವರ್‌ಗೆ ಅದನ್ನು ನಾನು ಆಯ್ದುಕೊಳ್ಳುವುದಿಲ್ಲ. ಈಗ ಆಗುತ್ತಿರುವುದನ್ನು ಹೇಳುವುದರಲ್ಲಿ ಅದು ಗಟ್ಟಿ. ಮುಂದೆ ಆಗಬಹುದಾದದ್ದನ್ನು ಹೇಳುವುದಕ್ಕೆ ಅದರಲ್ಲಿ ಪ್ರತ್ಯೇಕ ಜಾಗವಿಲ್ಲ. ಸಂಜೆ 6 ಗಂಟೆಗೆ ನಮ್ಮ ಡೆಂಗಿ ರೋಗಿಗೆ ಏನೂ ಆಗುತ್ತಿಲ್ಲ. ಕೇಳಿದವರು ತಿರುಗಿ ಒಪ್ಪಿಸಬೇಕೆಂಬ ಹೆಜ್ಜೆಯೂ ಅದರ ನಾಲ್ಕು ಅಕ್ಷರಗಳಲ್ಲಿಲ್ಲ.

ಐ-ಪಾಸ್: ಆಧಾರ ಹೆಚ್ಚು, ಶ್ರಮವೂ ಹೆಚ್ಚು

ಬೋಸ್ಟನ್ ಮಕ್ಕಳ ಆಸ್ಪತ್ರೆಯ ಸುತ್ತ ರೂಪುಗೊಂಡ ಐ-ಪಾಸ್ (I-PASS) ಎಂಬ ಹ್ಯಾಂಡೋವರ್ ಕ್ರಮದಲ್ಲಿ, ಅಕ್ಷರಕ್ಕೊಂದರಂತೆ ಐದು ಭಾಗಗಳಿವೆ. ರೋಗಿ ಎಷ್ಟು ಕಾಯಿಲೆಯಲ್ಲಿದ್ದಾರೆ ಎಂಬ ದರ್ಜೆ ಮೊದಲು ಬರುತ್ತದೆ, ಆಮೇಲೆ ರೋಗಿಯ ಸಾರಾಂಶ, ಆಮೇಲೆ ಮಾಡಬೇಕಾದ ಕೆಲಸಗಳ ಪಟ್ಟಿ, ನಾಲ್ಕನೆಯದು ಏನಾಗಬಹುದು ಮತ್ತು ಆದರೆ ಏನು ಮಾಡಬೇಕು ಎಂಬ ಮುಂದಾಲೋಚನೆ, ಕೊನೆಯದು ಕೇಳಿಸಿಕೊಂಡವರು ತಮ್ಮ ಮಾತಿನಲ್ಲಿ ತಿರುಗಿ ಹೇಳುವುದು.

2014ರ ನವೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಧ್ಯಯನವು ಅಮೆರಿಕ ಮತ್ತು ಕೆನಡಾದ 9 ಆಸ್ಪತ್ರೆಗಳ ಮಕ್ಕಳ ವಿಭಾಗದ ರೆಸಿಡೆಂಟ್‌ಗಳ ನಡುವೆ ನಡೆಯಿತು. 10,740 ದಾಖಲಾತಿಗಳನ್ನು ಪರಿಶೀಲಿಸಿದಾಗ ವೈದ್ಯಕೀಯ ತಪ್ಪುಗಳು 100 ದಾಖಲಾತಿಗಳಿಗೆ 24.5 ಇದ್ದದ್ದು 18.8ಕ್ಕೆ, ತಪ್ಪಿಸಬಹುದಾಗಿದ್ದ ಅನಾಹುತಗಳು 4.7 ಇದ್ದದ್ದು 3.3ಕ್ಕೆ ಇಳಿದವು. ಅಂದರೆ ಮೊದಲನೆಯದರಲ್ಲಿ 23 ಶೇಕಡಾ, ಎರಡನೆಯದರಲ್ಲಿ 30 ಶೇಕಡಾ ಇಳಿಕೆ. ಪ್ರತಿ ರೋಗಿಗೆ ಹಿಡಿದ ಸಮಯ ಮುಂಚೆ 2.4 ನಿಮಿಷ, ಆಮೇಲೆ 2.5 ನಿಮಿಷ. ಕ್ರಮದಿಂದ ಮಾತಾಡಿದರೆ ಹೊತ್ತು ಹೆಚ್ಚು ಹಿಡಿಯುತ್ತದೆ ಎಂಬ ಸಾಮಾನ್ಯ ಆಕ್ಷೇಪಕ್ಕೆ ಇಷ್ಟು ಸ್ಪಷ್ಟವಾದ ಉತ್ತರ ಬೇರೆಡೆ ಸಿಗುವುದು ಕಷ್ಟ.

ಈ ಅಧ್ಯಯನವನ್ನು ಮೆಚ್ಚುವವರು ಅದರ ಮಿತಿಗಳನ್ನೂ ಒಪ್ಪಿಕೊಳ್ಳಬೇಕು. ಅದು ಮುಂಚೆ-ಆಮೇಲೆ ಹೋಲಿಸಿದ ಅಧ್ಯಯನ. ಯಾದೃಚ್ಛಿಕವಾಗಿ ಗುಂಪು ಮಾಡಿದ್ದಲ್ಲ. 9 ಆಸ್ಪತ್ರೆಗಳಲ್ಲಿ ತಪ್ಪುಗಳು ಗಮನಾರ್ಹವಾಗಿ ಇಳಿದದ್ದು 6ರಲ್ಲಿ ಮಾತ್ರ. ಅಲ್ಲಿ ಕೊಟ್ಟದ್ದು ಐದು ಅಕ್ಷರಗಳನ್ನಷ್ಟೇ ಎಂದುಕೊಂಡರೆ ಇನ್ನೂ ದೊಡ್ಡ ತಪ್ಪಾಗುತ್ತದೆ: ಎರಡು ಗಂಟೆಯ ಕಾರ್ಯಾಗಾರ, ಒಂದು ಗಂಟೆಯ ಪಾತ್ರಾಭಿನಯದ ಅಭ್ಯಾಸ, ಕಂಪ್ಯೂಟರಿನಲ್ಲಿ ಕಲಿಯುವ ಪಾಠ, ಅಧ್ಯಾಪಕರಿಗೇ ಪ್ರತ್ಯೇಕ ತರಬೇತಿ, ಹಿರಿಯರು ಕುಳಿತು ಗಮನಿಸಿ ತಿದ್ದುವ ಏರ್ಪಾಡು ಎಲ್ಲವೂ ಒಂದು ಕಟ್ಟಿನಲ್ಲಿದ್ದವು. ಡ್ಯೂಟಿ ರೂಮಿನ ಗೋಡೆಗೆ ಪೋಸ್ಟರು ಅಂಟಿಸಿ "ನಮ್ಮಲ್ಲಿ ಐ-ಪಾಸ್ ಇದೆ" ಎನ್ನುವ ಯೂನಿಟ್‌ಗೆ ಆ 30 ಶೇಕಡಾದಲ್ಲಿ ಪಾಲು ಕೇಳುವ ಹಕ್ಕಿಲ್ಲ.

ನಮ್ಮ ರೋಗಿಗೆ ಇದನ್ನು ಅನ್ವಯಿಸಿದರೆ ಹಗಲಿನ ಪಿಜಿಯ ಮಾತು ಹೀಗಿರುತ್ತದೆ: "12ನೇ ಬೆಡ್, ವಾಚರ್. 24 ವರ್ಷ, ಡೆಂಗಿ, ಐದನೇ ದಿನ, ಬೆಳಿಗ್ಗೆಯಿಂದ ಜ್ವರ ಇಲ್ಲ. ಹೆಮಟೋಕ್ರಿಟ್ 40ರಿಂದ 46ಕ್ಕೆ ಏರಿದೆ, ಪ್ಲೇಟ್‌ಲೆಟ್ 42 ಸಾವಿರ, ಎಲ್ಲೂ ರಕ್ತಸ್ರಾವ ಇಲ್ಲ. ಗಂಟೆಗೊಮ್ಮೆ ಪಲ್ಸ್, ಬಿಪಿ, ಯೂರಿನ್ ನೋಡಬೇಕು, 10 ಗಂಟೆಗೆ ಹೆಮಟೋಕ್ರಿಟ್ ಮತ್ತೆ ಕಳುಹಿಸಬೇಕು. ಅದು ಇನ್ನೂ ಏರಿ ಪಲ್ಸ್ ಪ್ರೆಶರ್ ಕುಗ್ಗಿದರೆ ಫ್ಲೂಯಿಡ್ ಹೆಚ್ಚಿಸಿ ಸೀನಿಯರ್‌ಗೆ ಹೇಳಿ. ಹೆಮಟೋಕ್ರಿಟ್ ಇಳಿದು ಬಿಪಿಯೂ ಇಳಿದರೆ ಒಳಗೆ ಬ್ಲೀಡಿಂಗ್ ಆಗುತ್ತಿದೆ ಎಂದುಕೊಂಡು ರಕ್ತಕ್ಕೆ ಬರೆಯಿರಿ. ಸಂಖ್ಯೆ ಕಡಿಮೆ ಇದೆಯೆಂದಷ್ಟಕ್ಕೇ ಪ್ಲೇಟ್‌ಲೆಟ್ ಹಾಕುವುದು ಬೇಡ." ರಾತ್ರಿಯ ಪಿಜಿ ಇದನ್ನು ಕೇಳಿ, "ಅಂದರೆ ಜ್ವರ ಬಿಟ್ಟಿರುವುದರಿಂದಲೇ ಈ ರಾತ್ರಿ ಅಪಾಯ, 10 ಗಂಟೆಯ ಹೆಮಟೋಕ್ರಿಟ್ ನಾನೇ ನೋಡಬೇಕು, ಏರಿದರೆ ಸೋರಿಕೆ, ಇಳಿದರೆ ಬ್ಲೀಡಿಂಗ್" ಎಂದು ತಿರುಗಿ ಒಪ್ಪಿಸುತ್ತಾರೆ. ಒಟ್ಟು ಒಂದು ನಿಮಿಷದ ಮಾತು. (ಪಲ್ಸ್ ಪ್ರೆಶರ್ ಎಂದರೆ ಬಿಪಿಯ ಮೇಲಿನ ಮತ್ತು ಕೆಳಗಿನ ಅಂಕಿಗಳ ಅಂತರ.)

ವಾಚರ್ ಎಂಬ ಮಾತಿಗೆ ಇಲ್ಲಿ ವಿಶೇಷ ಬೆಲೆಯಿದೆ. ಐ-ಪಾಸ್ ರೋಗಿಗಳನ್ನು ಸ್ಟೇಬಲ್, ವಾಚರ್, ಅನ್‌ಸ್ಟೇಬಲ್ ಎಂದು ಮೂರಾಗಿ ವಿಂಗಡಿಸುತ್ತದೆ. ನಮ್ಮ ವಾರ್ಡುಗಳ ಆಡುಮಾತಿನಲ್ಲಿ ಇರುವುದು ಎರಡೇ: ಸ್ಟೇಬಲ್ ಮತ್ತು ಸಿಕ್. ಈಗ ಚೆನ್ನಾಗಿಯೇ ಕಾಣುವ, ಆದರೆ ಕಣ್ಣಿಟ್ಟಿರಬೇಕಾದ ರೋಗಿಗೆ ಹೆಸರೇ ಇಲ್ಲದಿರುವುದರಿಂದ ಅವರು ಸ್ಟೇಬಲ್ ಗುಂಪಿಗೆ ಜಾರುತ್ತಾರೆ. ಈ ಒಂದು ಪದವನ್ನು ಯೂನಿಟ್ಟಿಗೆ ತಂದರೂ ಲಾಭವಿದೆ.

40 ಹಾಸಿಗೆಗಳ ಲೆಕ್ಕ

ಐ-ಪಾಸ್ ಅನ್ನು ಹಾಗೇ ಎತ್ತಿ ತಂದು ನಮ್ಮ ಸಾಮಾನ್ಯ ವಾರ್ಡಿನಲ್ಲಿಡಲು ಬಾರದು ಎಂಬುದು ನೇರ ಗುಣಾಕಾರದಿಂದ ತಿಳಿಯುತ್ತದೆ. ಒಬ್ಬರಿಗೆ 2.5 ನಿಮಿಷದಂತೆ 40 ರೋಗಿಗಳಿಗೆ 100 ನಿಮಿಷ. ಎರಡು ವಾರ್ಡಿನ 80 ರೋಗಿಗಳಿಗೆ 3 ಗಂಟೆ 20 ನಿಮಿಷ. ಬೆಳಿಗ್ಗೆ 8ಕ್ಕೆ ಬಂದ ಪಿಜಿ ಸಂಜೆ 6ರಿಂದ 9ರವರೆಗೆ ಹ್ಯಾಂಡೋವರ್ ಮಾಡಬೇಕೆಂದು ಯಾರೂ ಹೇಳಲಾರರು, ಹೇಳಿದರೆ ಮೂರನೆಯ ದಿನಕ್ಕೆ ಅದು ನಿಂತುಹೋಗುತ್ತದೆ.

ಇದಕ್ಕೆ ದಾರಿ ವಿಂಗಡಣೆ. ಅನ್‌ಸ್ಟೇಬಲ್ ಮತ್ತು ವಾಚರ್ ರೋಗಿಗಳನ್ನು ಐದೂ ಹೆಜ್ಜೆಗಳಲ್ಲಿ ಬಾಯಿಮಾತಿನಲ್ಲಿ ಒಪ್ಪಿಸಬೇಕು. ಸ್ಟೇಬಲ್ ರೋಗಿಗಳು ಮುದ್ರಿತ ಪಟ್ಟಿಯಲ್ಲಿದ್ದರೆ ಸಾಕು. 40ರಲ್ಲಿ 8 ಮಂದಿ ಮೇಲಿನ ಎರಡು ಗುಂಪಿನವರಾದರೆ 20 ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಈ ಅನುಕೂಲದ ಒಳಗೇ ಅಪಾಯವಿದೆ, ಹೊತ್ತಾದಂತೆ ಎಲ್ಲರನ್ನೂ ಸ್ಟೇಬಲ್ ಎಂದುಬಿಡುವ ಆಸೆ ಹುಟ್ಟುತ್ತದೆ. ಅದಕ್ಕಾಗಿ ದರ್ಜೆ ಕೊಡುವುದಕ್ಕೆ ಗಟ್ಟಿ ನಿಯಮ ಬೇಕು. ಚಿಕಿತ್ಸೆಯನ್ನು ಬದಲಿಸಬಲ್ಲ ರಿಪೋರ್ಟು ಇನ್ನೂ ಬರಬೇಕಾಗಿರುವ ರೋಗಿ, ಅಂದೇ ಐಸಿಯುವಿನಿಂದ ವಾರ್ಡಿಗೆ ಬಂದ ರೋಗಿ, ರಾತ್ರಿ ನಿಗದಿತ ಗಂಟೆಗೆ ಪರೀಕ್ಷೆ ಆಗಲೇಬೇಕಾದ ರೋಗಿ, ಇವರಲ್ಲಿ ಯಾರನ್ನೂ ಸ್ಟೇಬಲ್ ಎನ್ನುವಂತಿಲ್ಲ. ಹಾವು ಕಡಿದು ವಿಷಹಾರಿ ಔಷಧಿ ಪಡೆದ ರೈತರೊಬ್ಬರು ಮಂಚದ ಮೇಲೆ ಕುಳಿತು ಊಟ ಮಾಡುತ್ತಿದ್ದರೂ, 6 ಗಂಟೆಗೊಮ್ಮೆ ಮಾಡಬೇಕಾದ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ನಡುರಾತ್ರಿಗೆ ಬೀಳುವುದಾದರೆ ಅವರು ವಾಚರ್. ಕೊಳವೆಯನ್ನು 20 ನಿಮಿಷ ಅಲುಗಾಡಿಸದೆ ಇಟ್ಟು ನೋಡುವ ಈ ಪರೀಕ್ಷೆಗೆ ಲ್ಯಾಬೂ ಬೇಕಿಲ್ಲ, ಹಣವೂ ಬೇಕಿಲ್ಲ. ಅದು ತಪ್ಪಿಹೋಗುವುದು ಯಾರಿಗೂ ಒಪ್ಪಿಸದೆ ಹೋದುದರಿಂದ ಮಾತ್ರ.

ಕಂಪ್ಯೂಟರ್ ಪಟ್ಟಿ, ವಾಟ್ಸ್‌ಆ್ಯಪ್ ಗುಂಪು

ಆಸ್ಪತ್ರೆಯ ಕಂಪ್ಯೂಟರ್ ದಾಖಲೆಯಿಂದ ತಾನೇ ತುಂಬಿಕೊಳ್ಳುವ ಪಟ್ಟಿ ಇದ್ದರೆ ಅದೇ ಉತ್ತಮ. ಬ್ರಿಗಮ್‌ನಲ್ಲಿ ಅಂಥ ಪಟ್ಟಿ ತಂದ ಮೇಲೆ, ಹಿಂದೆ ಕಂಡಿದ್ದ ಹೆಚ್ಚುವರಿ ಅಪಾಯ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಉಳಿಯಲಿಲ್ಲವೆಂದು 1998ರಲ್ಲಿ ವರದಿಯಾಯಿತು. ಸಿಯಾಟಲ್‌ನ ಎರಡು ಬೋಧನಾ ಆಸ್ಪತ್ರೆಗಳಲ್ಲಿ 2005ರಲ್ಲಿ ಪರೀಕ್ಷಿಸಿದ ವ್ಯವಸ್ಥೆಯಿಂದ ರೌಂಡ್ಸ್‌ನಲ್ಲಿ ಬಿಟ್ಟುಹೋಗುತ್ತಿದ್ದ ರೋಗಿಗಳ ಸಂಖ್ಯೆ ಅರ್ಧಕ್ಕಿಳಿಯಿತು. ಆದರೆ ನಮ್ಮ ಬಹಳಷ್ಟು ಕಡೆ ಕೇಸ್ ಶೀಟ್ ಇನ್ನೂ ಕಾಗದದಲ್ಲಿದೆ, ಲ್ಯಾಬಿನ ರಿಪೋರ್ಟು ಮಾತ್ರ ಪರದೆಯಲ್ಲಿದೆ. ಅಂಥ ಕಡೆ ಕಂಪ್ಯೂಟರಿಗಾಗಿ ಕಾಯುತ್ತಾ ಕೂರುವ ಬದಲು ಒಂದು ಸರಳ ಎಕ್ಸೆಲ್ ಹಾಳೆ ಮತ್ತು ಒಂದು ಪ್ರಿಂಟರ್ ಸಾಕು.

ವಾಟ್ಸ್‌ಆ್ಯಪ್ ಬಗ್ಗೆ ನೇರವಾಗಿ ಹೇಳಬೇಕು, ಏಕೆಂದರೆ ಬಹುತೇಕ ಯೂನಿಟ್‌ಗಳ ನಿಜವಾದ ಹ್ಯಾಂಡೋವರ್ ಅಲ್ಲೇ ನಡೆಯುತ್ತಿದೆ. ಇಸಿಜಿಯ ಚಿತ್ರವನ್ನು ಹಿರಿಯರಿಗೆ ಅರೆ ನಿಮಿಷದಲ್ಲಿ ತೋರಿಸುವುದಕ್ಕೆ ಅದು ದೊಡ್ಡ ಉಪಕಾರ, ಅದನ್ನು ಬಿಡಿ ಎಂದು ನಾನು ಹೇಳಲಾರೆ. ಹ್ಯಾಂಡೋವರ್‌ಗೆ ಮಾತ್ರ ಅದು ಕೆಟ್ಟ ಆಯ್ಕೆ. ನೀಲಿ ಟಿಕ್ ಬಂದರೆ ಸಂದೇಶ ತೆರೆದುಕೊಂಡಿತು ಎಂದರ್ಥವೇ ಹೊರತು ಹೊಣೆ ಯಾರೋ ಒಬ್ಬರ ಕೈಗೆ ಬಂತು ಎಂದಲ್ಲ. 12 ಜನರ ಗುಂಪಿನಲ್ಲಿ ಹಾಕಿದ ಕೆಲಸವನ್ನು ಪ್ರತಿಯೊಬ್ಬರೂ ಇನ್ನೊಬ್ಬರು ಮಾಡುತ್ತಾರೆ ಎಂದುಕೊಳ್ಳುತ್ತಾರೆ. ರೋಗಿಯ ಹೆಸರು, ಚಿತ್ರ, ರಿಪೋರ್ಟುಗಳು ಪೋಸ್ಟಿಂಗ್ ಮುಗಿಸಿ ಹೋದವರ ಫೋನಿನಲ್ಲೂ ಉಳಿಯುತ್ತವೆ. 2023ರಲ್ಲಿ ವೈಯಕ್ತಿಕ ಡಿಜಿಟಲ್ ದತ್ತಾಂಶ ರಕ್ಷಣೆಗೆ ಕಾಯ್ದೆಯೇ ಬಂದಿರುವಾಗ ಇದನ್ನು ಹಗುರವಾಗಿ ನೋಡಬಾರದು. ಗುಂಪನ್ನು ಇಟ್ಟುಕೊಳ್ಳಿ, ಹೆಸರಿನ ಬದಲು ಹಾಸಿಗೆ ಸಂಖ್ಯೆ ಬಳಸಿ, ಹೊಣೆಯನ್ನು ಮಾತ್ರ ಎದುರಾಎದುರು ಒಪ್ಪಿಸಿ.

ಹಾಸಿಗೆಯ ಪಕ್ಕದಲ್ಲೋ, ಡ್ಯೂಟಿ ರೂಮಿನಲ್ಲೋ

ಐಸಿಯುವಿನಲ್ಲಿ ಹಾಸಿಗೆಯ ಪಕ್ಕವೇ ಸರಿ. ವೆಂಟಿಲೇಟರಿನ ಅಂಕಿಗಳು, ಇನ್ಫ್ಯೂಷನ್ ಪಂಪಿನ ವೇಗ, ಡ್ರೈನ್‌ಗಳನ್ನು ಇಬ್ಬರೂ ಕಣ್ಣಾರೆ ನೋಡಬೇಕು. ಹೆರಿಗೆ ವಾರ್ಡಿನಲ್ಲೂ ಹಾಗೆಯೇ. ಸಾಮಾನ್ಯ ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರು, ಎರಡೂ ಕಡೆಯ ಬಂಧುಗಳು ಕೇಳಿಸಿಕೊಳ್ಳುತ್ತಿರುವಾಗ ಎಚ್‌ಐವಿ, ಕ್ಯಾನ್ಸರ್, ವಿಷ ಸೇವನೆಯಂಥ ವಿಷಯಗಳನ್ನು ಆಡಲಾಗದು. ಮೊದಲು ಡ್ಯೂಟಿ ರೂಮಿನಲ್ಲಿ ಕುಳಿತು ಪಟ್ಟಿ ಮುಗಿಸಿ, ಬಳಿಕ ವಾಚರ್ ರೋಗಿಗಳ ಬಳಿಗೆ ಇಬ್ಬರೂ ನಡೆದು ಹೋಗಿ ಮುಖ ನೋಡಿ ಬರುವುದು ಒಳ್ಳೆಯದು. ವಾರ್ಡಿನ ಸಿಸ್ಟರ್ ಜೊತೆಗಿದ್ದರೆ ಇನ್ನೂ ಒಳ್ಳೆಯದು. ರಾತ್ರಿಯಿಡೀ ರೋಗಿಯ ಹತ್ತಿರ ಇರುವವರು ಅವರೇ.

ಆಪರೇಷನ್ ಥಿಯೇಟರಿನಿಂದ ಐಸಿಯುವಿಗೆ ಒಪ್ಪಿಸುವುದು ಬೇರೆಯೇ ಬಗೆಯ ಕೆಲಸ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ತಂಡ ಫೆರಾರಿಯ ಫಾರ್ಮುಲಾ ಒನ್ ಪಿಟ್ ಸಿಬ್ಬಂದಿಯ ಕೆಲಸವನ್ನು ನೋಡಿ ಕಲಿತು, ಮೊದಲು ಯಂತ್ರಗಳ ಜೋಡಣೆ, ಅದು ಮುಗಿದ ಮೇಲೆ ಮಾತು, ಒಬ್ಬರು ಮಾತಾಡುವಾಗ ಉಳಿದವರ ಮೌನ ಎಂಬ ಕ್ರಮ ಮಾಡಿಕೊಂಡಿತು. 2007ರ ವರದಿಯ ಪ್ರಕಾರ ತಾಂತ್ರಿಕ ತಪ್ಪುಗಳು ಸರಾಸರಿ 5.42ರಿಂದ 3.15ಕ್ಕೆ, ಬಿಟ್ಟುಹೋದ ಮಾಹಿತಿ 2.09ರಿಂದ 1.07ಕ್ಕೆ ಇಳಿಯಿತು. ಶಸ್ತ್ರಚಿಕಿತ್ಸಾ ವಿಭಾಗದವರು ಐ-ಪಾಸ್‌ಗಿಂತ ಮೊದಲು ಇದನ್ನು ಓದಿಕೊಳ್ಳುವುದು ಲೇಸು.

ರೋಗಿಯ ಮಾತು ದಾಟುವಾಗ

ಪಾಶ್ಚಾತ್ಯ ಮಾದರಿಗಳಲ್ಲಿ ಇಲ್ಲದ, ಆದರೆ ನಮ್ಮ ಪಟ್ಟಿಯಲ್ಲಿ ಇರಲೇಬೇಕಾದ ಒಂದು ಸಂಗತಿ ಭಾಷೆ. ಸರ್ಕಾರಿ ಕಾಲೇಜುಗಳ ಪಿಜಿ ಸೀಟುಗಳಲ್ಲಿ ಅರ್ಧದಷ್ಟು ಅಖಿಲ ಭಾರತ ಕೋಟಾದಲ್ಲಿ ತುಂಬುತ್ತವೆ. ಕನ್ನಡ ಈಗಷ್ಟೇ ಕಲಿಯುತ್ತಿರುವ ವೈದ್ಯರು ಕಲಬುರಗಿಯ, ಮಂಗಳೂರಿನ, ಮೈಸೂರಿನ ಬೇರೆ ಬೇರೆ ಮಾತುಗಳನ್ನು ಕೇಳಿ ಇಂಗ್ಲಿಷಿನಲ್ಲಿ ಬರೆಯುತ್ತಾರೆ. "ಎದಿ ಹಿಡದಂಗ ಆಗ್ತೈತ್ರಿ" ಎಂದ ರೋಗಿಯ ಮಾತು ಕೇಸ್ ಶೀಟಿನಲ್ಲಿ ಗ್ಯಾಸ್ಟ್ರೈಟಿಸ್ ಆಗಿ, ರಾತ್ರಿಯ ಪಿಜಿಗೆ ಗ್ಯಾಸ್ಟ್ರೈಟಿಸ್ ಎಂದೇ ತಲುಪಿದರೆ, ಮತ್ತೆ ಇಸಿಜಿ ತೆಗೆಯುವ ಯೋಚನೆಯೇ ಯಾರಿಗೂ ಬರುವುದಿಲ್ಲ. ಎದೆ, ಉಸಿರು, ತಲೆಸುತ್ತು, ಹೊಟ್ಟೆನೋವಿನ ವಿಷಯದಲ್ಲಿ ರೋಗಿ ಆಡಿದ ಮಾತನ್ನೇ ಒಂದು ಸಾಲು ಹಾಗೆಯೇ ಒಪ್ಪಿಸಬೇಕು, ಮತ್ತು ಆ ಮಾತು ಬಲ್ಲ ಹೌಸ್ ಸರ್ಜನ್ ಆ ಹೊತ್ತಿಗೆ ಪಕ್ಕದಲ್ಲಿರಬೇಕು. ಮನೆಯವರಿಗೆ ಏನನ್ನು ತಿಳಿಸಲಾಗಿದೆ ಎಂಬುದೂ ಪಟ್ಟಿಯಲ್ಲಿರಲಿ. ಹಗಲಿನವರು "ಕಷ್ಟ ಇದೆ" ಎಂದಿದ್ದನ್ನು ಅರಿಯದೆ ರಾತ್ರಿಯವರು "ಏನೂ ಭಯವಿಲ್ಲ" ಎಂದರೆ ವಾರ್ಡಿನಲ್ಲಿ ಜಗಳ ಹತ್ತಿಕೊಳ್ಳುವುದಕ್ಕೆ ಅದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ.

ಕಲಿಸುವ ದಾರಿ, ಪರೀಕ್ಷಿಸುವ ದಾರಿ

ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘವು 2014ರಲ್ಲಿ, ಪದವಿ ಮುಗಿಸಿದವರು ರೆಸಿಡೆನ್ಸಿಯ ಮೊದಲ ದಿನವೇ ಮಾಡಬಲ್ಲವರಾಗಿರಬೇಕಾದ 13 ಕೆಲಸಗಳನ್ನು ಪಟ್ಟಿಮಾಡಿದಾಗ, ಎಂಟನೆಯದಾಗಿ ರೋಗಿಯ ಹೊಣೆಯನ್ನು ಕೊಡುವುದು ಅಥವಾ ಪಡೆಯುವುದು ಎಂದು ಬರೆಯಿತು. ಪಡೆಯುವುದೂ ಕಲಿಯಬೇಕಾದ ವಿದ್ಯೆ ಎಂದು ಅದು ಒಪ್ಪಿಕೊಂಡದ್ದು ನನಗೆ ಮುಖ್ಯವಾಗಿ ಕಾಣುತ್ತದೆ. ಇದನ್ನು ಕಲಿಸಲು ಉಪನ್ಯಾಸ ಬಹುಮಟ್ಟಿಗೆ ನಿಷ್ಪ್ರಯೋಜಕ. ಇಬ್ಬರು ಪಿಜಿಗಳನ್ನು ಕೂರಿಸಿ, ಕಲ್ಪಿತ ರೋಗಿಗಳನ್ನು ಒಪ್ಪಿಸಲು ಹೇಳಿ, ನಡುವೆ ಫೋನು ಬಾರಿಸಿ ಅಡ್ಡಿಪಡಿಸಿ ನೋಡುವ ಒಂದು ಗಂಟೆಯ ಅಭ್ಯಾಸ ಅದಕ್ಕಿಂತ ಎಷ್ಟೋ ಮೇಲು. ವಾರಕ್ಕೊಮ್ಮೆ ಸೀನಿಯರ್ ರೆಸಿಡೆಂಟ್ ಅಥವಾ ಅಧ್ಯಾಪಕರೊಬ್ಬರು ನಿಜವಾದ ಹ್ಯಾಂಡೋವರ್‌ನಲ್ಲಿ 15 ನಿಮಿಷ ಕುಳಿತು ಕೇಳುವುದು ಎಲ್ಲಕ್ಕಿಂತ ಮೇಲು, ಮತ್ತು ಐ-ಪಾಸ್‌ನ ಕಟ್ಟಿನಲ್ಲಿ ನಮ್ಮವರು ಮೊದಲು ಕೈಬಿಡುವುದೂ ಇದನ್ನೇ.

ಪೋಸ್ಟಿಂಗ್ ಬದಲಾಗುವ ದಿನಕ್ಕೆ ಸಂಜೆಯ ಪಟ್ಟಿ ಸಾಲದು. ಹೌಸ್ ಸರ್ಜನ್‌ಗಳು ಒಂದೇ ದಿನ ಒಟ್ಟಿಗೆ ಬದಲಾಗುತ್ತಾರೆ, ಪಿಜಿಗಳು ಜಿಲ್ಲಾ ರೆಸಿಡೆನ್ಸಿಗೆಂದು (ಜಿಲ್ಲಾ ಆಸ್ಪತ್ರೆಯಲ್ಲಿ ತರಬೇತಿಗೆಂದು) ಮೂರು ತಿಂಗಳು ಹೊರಡುತ್ತಾರೆ. ಅಮೆರಿಕದ 10 ವೆಟರನ್ಸ್ (ಮಾಜಿ ಸೈನಿಕರ) ಆಸ್ಪತ್ರೆಗಳ ದಾಖಲೆಗಳನ್ನು ನೋಡಿದ 2016ರ ಅಧ್ಯಯನದಲ್ಲಿ ತಿಂಗಳ ಕೊನೆಯ ಇಂಥ ಬದಲಾವಣೆಗೂ ಹೆಚ್ಚಿನ ಸಾವಿನ ಪ್ರಮಾಣಕ್ಕೂ ಸಂಬಂಧ ಕಂಡಿತು. ಅದೇ ಕಾರಣವೆಂದು ಅಂಥ ಅಧ್ಯಯನದಿಂದ ಹೇಳಲಾಗದಿದ್ದರೂ, ಪಿಜಿಗಳು ಮತ್ತು ಹೌಸ್ ಸರ್ಜನ್‌ಗಳು ಒಂದೇ ದಿನ ಬದಲಾಗದಂತೆ ಎರಡು ದಿನ ಅಂತರವಿಡುವುದು ಯಾರಿಗೂ ಹೊರೆಯಲ್ಲ.

ಕೊನೆಗೆ, ಯಾವ ವಿಧಾನ ಆಯ್ದರೂ ಅದು ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದಕ್ಕೆ ಒಂದು ಸುಲಭ ಪರೀಕ್ಷೆ. ಶಿಕಾಗೊ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹ್ಯಾಂಡೋವರ್ ಕೊಟ್ಟ ಮಕ್ಕಳ ವಿಭಾಗದ ಇಂಟರ್ನ್‌ಗಳನ್ನು ಪ್ರತಿ ರೋಗಿಯ ವಿಷಯದಲ್ಲಿ ಅತಿ ಮುಖ್ಯವಾದ ಮಾತು ಯಾವುದೆಂದು ಕೇಳಿ, ಪಡೆದವರನ್ನೂ ಅದನ್ನೇ ಕೇಳಿದರು. ತಾವು ಹೇಳಿದ್ದು ತಲುಪಿದೆ ಎಂದು ಕೊಟ್ಟವರು ನಂಬಿದ್ದರೂ 60 ಶೇಕಡಾ ಸಲ ಆ ಅತಿ ಮುಖ್ಯ ಮಾತೇ ತಲುಪಿರಲಿಲ್ಲ. ಇದನ್ನು ಮಾಡಲು ಅನುದಾನವೂ ಬೇಡ, ಸಮಿತಿಯೂ ಬೇಡ. ಒಂದು ವಾರದ ಮಟ್ಟಿಗೆ ಸಂಜೆಯ ಹ್ಯಾಂಡೋವರ್ ಮುಗಿದ ಕೂಡಲೇ ಇಬ್ಬರಿಗೂ ಒಂದೊಂದು ಚೀಟಿ ಕೊಟ್ಟು, ಮೂರು ವಾಚರ್ ರೋಗಿಗಳ ಬಗ್ಗೆ ತಲಾ ಒಂದು ಸಾಲು ಬರೆಸಿ, ಎರಡೂ ಚೀಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ. ಅದಾದ ಮೇಲೆ ವಿಧಾನವನ್ನು ಆರಿಸಿ, ಎರಡು ತಿಂಗಳು ನಡೆಸಿ, ಅದೇ ಚೀಟಿಗಳನ್ನು ಮತ್ತೊಮ್ಮೆ ಬರೆಸಿ.